ದೊಡ್ಡಮ್ಮನ ಫಿಶ್ ಟೆಸ್ಟು

"ನಿಮ್ಮ ದೊಡ್ಡಮ್ಮನಿಗೆ ಅದೇನೋ ಫಿಶ್ ಟೆಸ್ಟ್ ಮಾಡಿಸಬೇಕಂತೆ ಕಣೋ" ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ನೇಪರ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು, ತಣ್ಣಗಾದ ಉಪ್ಪಿಟ್ಟಿಗೆ ಮೊಸರು ಕಲಸಿಕೊಂಡು ತಿನ್ನುತ್ತಾ ಇದ್ದೆ. ಫಿಶ್ಶಾ? "ಹೂಂ, ಮೀನು. ಜೀವಮಾನದಲ್ಲಿ ಮೊಟ್ಟೆ ಒಡೆದವಳಲ್ಲ, ಇದೆಂಥ ಕರ್ಮ ಅಂತ ಅವಳೇ ನಗ್ತಾಳೆ" ಅಂದರು ಅಮ್ಮ. ಅಮ್ಮನೂ ನಕ್ಕರು. ನಗು ಅರ್ಧಕ್ಕೇ ನಿಂತುಹೋಯ್ತು. ದೊಡ್ಡಮ್ಮನಿಗೆ ಎದೆಯ ಗಡ್ಡೆ ಆಪರೇಷನ್ ಆಗಿ ಆಗ ಹದಿನೈದು ದಿನ ಆಗಿತ್ತು.

ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಬಂತು. ಫ್ಯಾನ್ ಗಾಳಿಗೆ ಹಾರುತ್ತಿರುವ ಹಾಳೆಯ ಫೋಟೋ, ಒಂದು ಮೂಲೆಯಲ್ಲಿ ದೊಡ್ಡಪ್ಪನ ಹೆಬ್ಬೆರಳು. ಓದಿದೆ. ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್. ಅದರ ಕೆಳಗೆ ಹರ್-ಟೂ: 2+, ಅನಿಶ್ಚಿತ, ಫಿಶ್ ಮಾಡಿಸುವುದು.

ನನ್ನಂಥ ಕೋಡ್ ಬರೆಯೋನಿಗೆ ಇದು ಸಹಿಸಲಾಗದ ವಿಷಯ. ಟೆಸ್ಟು ಅಂದಮೇಲೆ ಪಾಸ್ ಆಗಬೇಕು ಇಲ್ಲಾ ಫೇಲ್ ಆಗಬೇಕು. ದುಡ್ಡು ತಗೊಂಡು "ಗೊತ್ತಾಗ್ತಾ ಇಲ್ಲ" ಅಂತ ಪ್ರಿಂಟ್ ಹಾಕಿ ಕೊಡೋದು ಯಾವ ಸೀಮೆಯ ಟೆಸ್ಟು? ಆವತ್ತು ರಾತ್ರಿ ಎರಡರವರೆಗೂ ಗೂಗಲ್ ಮಾಡಿದೆ. ಗೂಗಲ್ ಮಾಡಿ ಕ್ಯಾನ್ಸರ್ ಅರ್ಥ ಮಾಡ್ಕೊಳ್ಳೋಕೆ ಹೋದವರ ಗತಿ ಏನಾಗುತ್ತೆ ಅಂತ ನಿಮಗೂ ಗೊತ್ತಿರುತ್ತೆ, ಬಿಡಿ.

ಹನ್ನೆರಡು ದಿನ ಕಳೆದ ಮೇಲೆ ಫಿಶ್ ರಿಪೋರ್ಟ್ ಬಂತು. ಅದರಲ್ಲಿ ಸಂಖ್ಯೆಯೇ ಇಲ್ಲ! ಸಿಗ್ನಲ್‌ಗಳು ಕಾಣುತ್ತಿಲ್ಲ, ಬೇರೆ ಬ್ಲಾಕ್ ಇದ್ದರೆ ಕಳಿಸಿ ಅಂತ ಎರಡು ಸಾಲು. ಮೆಮೋರಿಯಲ್ ಡೇ ಲಾಂಗ್ ವೀಕೆಂಡ್ ಎದುರಿಗಿತ್ತು. ಬ್ಯಾಗಿಗೆ ಎರಡು ಜೊತೆ ಬಟ್ಟೆ ತುರುಕಿ ಅಕ್ಕನ ಮನೆಗೆ ಹೊರಟೆ.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. (2002ರಲ್ಲಿ ಡೆಟ್ರಾಯ್ಟಿನಲ್ಲೂ 2008ರಲ್ಲಿ ಶಿಕಾಗೋದಲ್ಲೂ ಸಮ್ಮೇಳನ ಮಾಡಿದ 'ಅಕ್ಕ' ಅಲ್ಲ. ಇವಳು ನಮ್ಮಕ್ಕ.) ಡೆಟ್ರಾಯ್ಟಿನ ಪಶ್ಚಿಮಕ್ಕಿರೋ ಕ್ಯಾಂಟನ್‌ನಲ್ಲಿ ಮನೆ. ಭಾವ ಕಾರು ಕಂಪನಿಯಲ್ಲಿ ಇಂಜಿನಿಯರು, ಆ ಊರಿನಲ್ಲಿ ಇನ್ನೇನಾಗಿರ್ತಾರೆ ಹೇಳಿ. ಅಕ್ಕ ಊರಲ್ಲಿ ಲ್ಯಾಬ್ ಟೆಕ್ನಾಲಜಿ ಓದಿದವಳು, ಇಲ್ಲಿಗೆ ಬಂದು ಮತ್ತೆ ಪರೀಕ್ಷೆ ಬರೆದು, ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆಗ್ತಾ ಬಂತು. ಅವಳ ಕೆಲಸ ಏನು ಅಂತ ನಾನು ಇಷ್ಟು ವರ್ಷ ಒಂದು ಸಲವೂ ಕೇಳಿರಲಿಲ್ಲ. "ಮೈಕ್ರೋಸ್ಕೋಪ್ ನೋಡ್ತಾಳೆ" ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು. ಈಗ ಗೊತ್ತಾಯ್ತು, ಅವಳು ಕತ್ತಲೆ ಕೋಣೆಯಲ್ಲಿ ಕೂತು ಎಣಿಸೋದು ಇದೇ ಹರ್-ಟೂ ಚುಕ್ಕೆಗಳನ್ನ. ಊರವರ ಅಮ್ಮಂದಿರದ್ದೆಲ್ಲ ಎಣಿಸಿದಾಳೆ. ಅವಳ ಅಮ್ಮನ ಸ್ಲೈಡು ಮಾತ್ರ ಬೆಂಗಳೂರಿನಲ್ಲಿ.

*

ನೇಪರ್‌ವಿಲ್‌ನಿಂದ ಕ್ಯಾಂಟನ್‌ಗೆ 270 ಮೈಲಿ ಆಸುಪಾಸು. ಗ್ಯಾರಿಯ ಉಕ್ಕಿನ ಕಾರ್ಖಾನೆಗಳನ್ನ ದಾಟಿ, ಐ-94 ಹಿಡಿದು ಕಲಮಜೂ, ಬ್ಯಾಟಲ್ ಕ್ರೀಕ್, ಜಾಕ್ಸನ್, ಆನ್ ಆರ್ಬರ್ ಅಂತ ಹೋದರೆ ನಾಲ್ಕೂವರೆ ಗಂಟೆ. ಅಲ್ಲಿಗೆ ಮುಟ್ಟಿದಾಗ ಗಡಿಯಾರ ಇನ್ನೊಂದು ಗಂಟೆ ಮುಂದೆ ಓಡಿರುತ್ತೆ. ರಾತ್ರಿ ಹನ್ನೊಂದಕ್ಕೆ ತಲುಪಿದಾಗ ಅಕ್ಕ ಬಿಸಿ ಅನ್ನ, ತಂಬುಳಿ ಬಡಿಸಿದಳು. ಊಟ ಮುಗಿಯೋವರೆಗೂ ಆ ವಿಷಯ ಯಾರೂ ಎತ್ತಲಿಲ್ಲ. ಕೈ ತೊಳೆದು ಬಂದು ನಾನೇ ಕೇಳಿದೆ, "ಅಕ್ಕಾ, 2+ ಅಂದ್ರೆ ಏನು, ಸರಿಯಾಗಿ ಹೇಳು."

"ಮದುವೆ ಊಟ ಗೊತ್ತಲ್ಲ ನಿಂಗೆ?" ಅಂತ ಶುರು ಮಾಡಿದಳು. ಅವಳು ಹೇಳಿದ್ದನ್ನ ನನಗೆ ಅರ್ಥವಾದ ಹಾಗೆ ಬರೀತೀನಿ.

ನಮ್ಮ ಜೀವಕೋಶಗಳಲ್ಲಿ 17ನೇ ಕ್ರೋಮೋಸೋಮು ಅಂತ ಒಂದಿದೆ. ಅದನ್ನ ಅಡುಗೆಮನೆ ಅಂದ್ಕೊಳ್ಳಿ. ಪ್ರತಿ ಕೋಶದಲ್ಲೂ ಎರಡು ಅಡುಗೆಮನೆ, ಅಮ್ಮನ ಕಡೆಯದ್ದೊಂದು, ಅಪ್ಪನ ಕಡೆಯದ್ದೊಂದು. ಒಂದೊಂದರಲ್ಲಿ ಒಬ್ಬೊಬ್ಬ ಅಡುಗೆಭಟ್ಟ, ಅವನೇ ಹರ್-ಟೂ ಜೀನು. ಅವನು ಮಾಡೋ ಅಡುಗೆ ಹರ್-ಟೂ ಪ್ರೊಟೀನು, ಅದು ಕೋಶದ ಹೊರಪೊರೆ ಮೇಲೆ ಬಂದು ಕೂತು "ಬೆಳಿ, ಬೆಳಿ" ಅಂತ ಸಿಗ್ನಲ್ ಕೊಡುತ್ತೆ. ಸ್ತನ ಕ್ಯಾನ್ಸರುಗಳಲ್ಲಿ ಶೇಕಡಾ 15ರಿಂದ 20ರಷ್ಟರಲ್ಲಿ ಒಂದು ಎಡವಟ್ಟಾಗಿರುತ್ತೆ. ಒಂದೇ ಅಡುಗೆಮನೆಯಲ್ಲಿ ಹತ್ತು, ಇಪ್ಪತ್ತು ಭಟ್ಟರು ಹುಟ್ಕೊಂಡುಬಿಡ್ತಾರೆ. ಜೀನ್ ಆಂಪ್ಲಿಫಿಕೇಶನ್ ಅಂದರೆ ಇದೇ. ಅಡುಗೆ ಉಕ್ಕಿ ಹರಿಯುತ್ತೆ, ಗಡ್ಡೆ ರಭಸದಿಂದ ಬೆಳೆಯುತ್ತೆ.

ಇದನ್ನ ಪತ್ತೆ ಮಾಡೋಕೆ ಎರಡು ದಾರಿ. ಪಂಕ್ತಿಗೆ ಹೋಗಿ ಎಲೆ ಎಷ್ಟು ತುಂಬಿದೆ ಅಂತ ನೋಡೋದು ಒಂದು. ಒಳಗೆ ಹೋಗಿ ಭಟ್ಟರ ತಲೆ ಎಣಿಸೋದು ಇನ್ನೊಂದು.

ಎಲೆ ನೋಡೋದಕ್ಕೆ ಐಎಚ್‌ಸಿ ಅಂತಾರೆ. ಪ್ರೊಟೀನಿಗೆ ಅಂಟಿಕೊಳ್ಳೋ ಆಂಟಿಬಾಡಿ ಹಾಕಿ, ಅದಕ್ಕೆ ಕಂದು ಬಣ್ಣ ಕಟ್ಟಿಸಿ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡೋದು. ಕೋಶದ ಸುತ್ತ ದಟ್ಟ ಕಂದು ಬಣ್ಣದ ಪೂರ್ತಿ ಬೇಲಿ ಹತ್ತಕ್ಕಿಂತ ಹೆಚ್ಚು ಶೇಕಡಾ ಕೋಶಗಳಲ್ಲಿ ಕಂಡರೆ 3+, ಪಾಸಿಟಿವ್. ಏನೂ ಇಲ್ಲದಿದ್ದರೆ 0, ಮಸುಕು ಮಸುಕಾಗಿ ಅರ್ಧಂಬರ್ಧ ಕಂಡರೆ 1+, ಎರಡೂ ನೆಗೆಟಿವ್. ಬೇಲಿ ಇದೆ ಆದರೆ ತೆಳು ಅನ್ನಿಸಿದರೆ 2+. ಬೇಗ ಆಗುತ್ತೆ, ಅಗ್ಗ, ಸ್ಲೈಡು ವರ್ಷಗಟ್ಟಲೆ ಹಾಗೇ ಇರುತ್ತೆ. ಆದರೆ ತೆಳು ಯಾವುದು, ದಟ್ಟ ಯಾವುದು ಅನ್ನೋದು ನೋಡೋರ ಕಣ್ಣಿಗೆ ಬಿಟ್ಟಿದ್ದು. "ಒಬ್ಬರ 1+ ಇನ್ನೊಬ್ಬರಿಗೆ 2+. ನಮ್ಮಲ್ಲೇ ಇಬ್ಬರು ಡಾಕ್ಟರ್‌ಗಳು ಒಂದೇ ಸ್ಲೈಡಿಗೆ ಜಗಳ ಆಡಿದ್ದು ನೋಡಿದೀನಿ" ಅಂದಳು.

ಭಟ್ಟರನ್ನ ಎಣಿಸೋದು ಫಿಶ್. ಮೀನಲ್ಲ, ಫ್ಲೋರೊಸೆಂಟ್ ಇನ್ ಸೈಟು ಹೈಬ್ರಿಡೈಸೇಶನ್ ಅನ್ನೋದರ ಮೊದಲಕ್ಷರಗಳು. ಮೇಣದ ಬ್ಲಾಕಿನಿಂದ ತೆಳ್ಳಗೆ ಸೀಳಿದ ಪದರದ ಮೇಣ ತೆಗೆದು, ಪ್ರೊಟೀನುಗಳನ್ನ ಸ್ವಲ್ಪ ಕರಗಿಸಿ, 73 ಡಿಗ್ರಿಯಷ್ಟು ಬಿಸಿ ಮಾಡಿ ಡಿಎನ್ಎಯ ಎರಡು ಎಳೆ ಬಿಡಿಸ್ತಾರೆ. ಆಮೇಲೆ ಹರ್-ಟೂ ಜೀನಿಗೆ ಮಾತ್ರ ಅಂಟೋ ಹಾಗೆ ಮಾಡಿದ ಕಿತ್ತಳೆಗೆಂಪು ಡಿಎನ್ಎ ತುಣುಕು, 17ನೇ ಕ್ರೋಮೋಸೋಮಿನ ನಡುವಿಗೆ ಅಂಟೋ ಹಸಿರು ತುಣುಕು, ಎರಡನ್ನೂ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡ್ತಾರೆ. ಇಡ್ಲಿ ಹಿಟ್ಟು ಹುಳಿ ಬರೋಕೆ ಬಿಟ್ಟ ಹಾಗೆ. ಬೆಳಗ್ಗೆ ತೊಳೆದು, ಕತ್ತಲೆ ಕೋಣೆಯಲ್ಲಿ ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ನೀಲಿ ನ್ಯೂಕ್ಲಿಯಸ್ಸಿನೊಳಗೆ ಕೆಂಪು ಹಸಿರು ಚುಕ್ಕೆಗಳು. ಕೆಂಪು ಭಟ್ಟರು, ಹಸಿರು ಅಡುಗೆಮನೆಗಳು. ಕನಿಷ್ಠ 20 ಕೋಶಗಳಲ್ಲಿ ಎಣಿಸಿ ಕೆಂಪನ್ನ ಹಸಿರಿನಿಂದ ಭಾಗಿಸಬೇಕು.

"ಭಾಗಿಸೋದು ಯಾಕೆ? ಕೆಂಪು ಒಂದೇ ಎಣಿಸಿದರೆ ಸಾಲದಾ?" ಅಂದೆ. ಸಾಲದು. ಕ್ಯಾನ್ಸರ್ ಕೋಶ ಕೆಲವು ಸಲ ಇಡೀ ಕ್ರೋಮೋಸೋಮನ್ನೇ ಮೂರು ನಾಲ್ಕು ಇಟ್ಕೊಂಡಿರುತ್ತೆ. ನಾಲ್ಕು ಅಡುಗೆಮನೆ, ನಾಲ್ಕು ಭಟ್ಟರು ಅಂದರೆ ಮನೆಗೊಬ್ಬನೇ, ಅದು ಆಂಪ್ಲಿಫಿಕೇಶನ್ ಅಲ್ಲ. ಎರಡೇ ಅಡುಗೆಮನೆಯಲ್ಲಿ ಹದಿನಾರು ಭಟ್ಟರಿದ್ದರೆ ಆಗ ಹೌದು. ಅನುಪಾತ 2ಕ್ಕಿಂತ ಕಡಿಮೆ, ಕೋಶಕ್ಕೆ ಸರಾಸರಿ ಕೆಂಪು ಚುಕ್ಕೆ 4ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್. ಅನುಪಾತ 2 ದಾಟಿ, ಕೆಂಪು 4 ದಾಟಿದರೆ ಪಾಸಿಟಿವ್. ಇವೆರಡೂ ಒಂದಕ್ಕೊಂದು ಹೊಂದದ ಕೇಸುಗಳೂ ಇವೆಯಂತೆ, ಅವಕ್ಕೆ 2018ರ ಗೈಡ್‌ಲೈನಿನಲ್ಲಿ ಬೇರೆ ನಿಯಮಗಳು. ಅದನ್ನ ಹೇಳೋಕೆ ಶುರು ಮಾಡಿದಾಗ ನನಗೆ ನಿದ್ದೆ ಬಂದಿತ್ತು ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ತೀನಿ.

*

ಬೆಳಗ್ಗೆ ಕಾಫಿ ಹೊತ್ತಿಗೆ ನನ್ನ ಇಂಜಿನಿಯರ್ ಬುದ್ಧಿ ಎದ್ದಿತ್ತು. ಎಣಿಸೋದೇ ಖಾತ್ರಿ ಅಂದಮೇಲೆ ಎಲ್ಲರಿಗೂ ಫಿಶ್ಶೇ ಮಾಡಬಹುದಲ್ಲ, ಆ ಕಂದು ಬಣ್ಣದ ಪಂಚಾಯ್ತಿ ಯಾಕೆ?

ಈ ಜಗಳ ನಾನು ಹೈಸ್ಕೂಲಿಗೆ ಹೋಗೋದಕ್ಕೂ ಮುಂಚಿನದಂತೆ. ಡೆನ್ನಿಸ್ ಸ್ಲಾಮನ್ ಅಂತ ಒಬ್ಬರು, 1975ರಲ್ಲಿ ನಮ್ಮ ಯೂನಿವರ್ಸಿಟಿ ಆಫ್ ಶಿಕಾಗೋದಲ್ಲೇ ಡಾಕ್ಟರಿಕೆ ಮುಗಿಸಿ ಲಾಸ್ ಏಂಜಲೀಸಿಗೆ ಹೋದವರು. 1987ರಲ್ಲಿ 189 ಗಡ್ಡೆಗಳನ್ನ ಪರೀಕ್ಷೆ ಮಾಡಿ, ಅದರಲ್ಲಿ ಶೇಕಡಾ 30ರಲ್ಲಿ ಈ ಜೀನು ಹೆಚ್ಚಾಗಿದೆ, ಹಾಗೆ ಹೆಚ್ಚಾದವರಿಗೆ ರೋಗ ಬೇಗ ಮರುಕಳಿಸುತ್ತೆ, ಬೇಗ ಸಾಯ್ತಾರೆ ಅಂತ ತೋರಿಸಿದ್ದು ಅವರ ತಂಡ. ಆಗ ಬಳಸಿದ್ದು ಸದರ್ನ್ ಬ್ಲಾಟ್. ಗಡ್ಡೆಯನ್ನ ಅರೆದು ಡಿಎನ್ಎ ತೆಗೆದು ನೋಡೋ ವಿಧಾನ. ತೊಂದರೆ ಏನಂದರೆ ಗಡ್ಡೆಯಲ್ಲಿ ಬರೀ ಕ್ಯಾನ್ಸರ್ ಕೋಶ ಇರಲ್ಲ, ಒಳ್ಳೆಯವೂ ಸೇರ್ಕೊಂಡಿರ್ತವೆ. ಎಲ್ಲಾ ಅರೆದರೆ ಚಟ್ನಿ. ಮೆಣಸಿನಕಾಯಿ ಎಷ್ಟು ಹಾಕಿದ್ರು ಅಂತ ಖಾರ ನೋಡಿ ಊಹಿಸಬೇಕು. ಫಿಶ್‌ನಲ್ಲಿ ಕೋಶಗಳು ಇದ್ದ ಜಾಗದಲ್ಲೇ ಇರ್ತವೆ.

1998ರ ಸೆಪ್ಟೆಂಬರ್ 25ಕ್ಕೆ ಹರ್-ಟೂ ಪ್ರೊಟೀನಿಗೇ ಗುರಿಯಿಟ್ಟ ಔಷಧಿ ಟ್ರಾಸ್ಟುಜುಮ್ಯಾಬ್‌ಗೆ, ಅಂದರೆ ಹರ್ಸೆಪ್ಟಿನ್‌ಗೆ, ಎಫ್‌ಡಿಎ ಒಪ್ಪಿಗೆ ಸಿಕ್ತು. ಅದೇ ದಿನ ಡಾಕೋ ಕಂಪನಿಯ ಐಎಚ್‌ಸಿ ಕಿಟ್ಟಿಗೂ ಸಿಕ್ತು. ಅದೇ ವರ್ಷ ಡಿಸೆಂಬರಿನಲ್ಲಿ ವೈಸಿಸ್ ಅನ್ನೋ ಕಂಪನಿಯ ಪಾಥ್‌ವಿಷನ್ ಫಿಶ್ ಕಿಟ್ಟಿಗೆ. ಈ ವೈಸಿಸ್ ಎಲ್ಲಿತ್ತು ಅಂತೀರಾ? ಡೌನರ್ಸ್ ಗ್ರೋವ್! ನೇಪರ್‌ವಿಲ್ ಪಕ್ಕದಲ್ಲಿ, ನಾನು ದಿನಾ ಆಫೀಸಿಗೆ ಹೋಗುವಾಗ ದಾಟೋ ಎಕ್ಸಿಟ್ಟು. 2001ರಲ್ಲಿ ಅಬಾಟ್ ಅದನ್ನ ಕೊಂಡುಕೊಂಡಿತು, ಅಬಾಟ್‌ನ ಮಾಲಿಕ್ಯುಲರ್ ವಿಭಾಗ ಓಹೇರ್ ಏರ್‌ಪೋರ್ಟಿನ ಹತ್ತಿರ ಡೆಸ್ ಪ್ಲೇನ್ಸ್‌ನಲ್ಲಿ ಬೆಳೀತು. ದೊಡ್ಡಮ್ಮನ ಸ್ಲೈಡಿನ ಮೇಲೆ ಬಿದ್ದ ಆ ಕಿತ್ತಳೆ ಹಸಿರು ಬಣ್ಣದ ವಂಶಾವಳಿ ನಮ್ಮ ಸಬರ್ಬಿಗೆ ಬಂದು ಮುಟ್ಟುತ್ತೆ.

ಎರಡೂ ಪಾರ್ಟಿಯವರು ಆಮೇಲೆ ವರ್ಷಗಟ್ಟಲೆ ಕಿತ್ತಾಡಿದರು. ಫಿಶ್‌ನವರು "ನಮ್ಮದು ಲೆಕ್ಕ, ನಿಮ್ಮದು ಕಣ್ಣಂದಾಜು" ಅಂದರು. ಐಎಚ್‌ಸಿಯವರು "ಔಷಧಿ ಹೋಗಿ ಅಂಟೋದು ಪ್ರೊಟೀನಿಗೆ, ಜೀನಿಗಲ್ಲ" ಅಂದರು. ಎರಡೂ ನಿಜ. ಫಿಶ್‌ಗೆ ದುಬಾರಿ ಮೈಕ್ರೋಸ್ಕೋಪ್ ಬೇಕು, ಎರಡು ದಿನ ಬೇಕು, ಬಣ್ಣ ಮಾಸಿಹೋಗುತ್ತೆ, ಕತ್ತಲಲ್ಲಿ ಯಾವ ಕೋಶ ಯಾವುದು ಅಂತ ಗುರುತು ಹಿಡಿಯೋದು ಕಷ್ಟ. ಮಧ್ಯದ ದಾರಿಯೂ ಬಂತು. ಹೊಳೆಯೋ ಚುಕ್ಕೆ ಬದಲು ಮಾಸದ ಬಣ್ಣದ ಚುಕ್ಕೆ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಕಾಣೋದು. ಅದು ಕ್ರೋಮೋಜೆನಿಕ್ ವಿಧಾನ, ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ. 2011ರಲ್ಲಿ ಬೆಳ್ಳಿಯ ಕಪ್ಪು ಚುಕ್ಕೆ ಜೀನಿಗೆ, ಕೆಂಪು ಚುಕ್ಕೆ ಕ್ರೋಮೋಸೋಮಿಗೆ ಅಂತ ಎರಡನ್ನೂ ಒಂದೇ ಸ್ಲೈಡಿನಲ್ಲಿ ಮೆಷಿನ್ನೇ ಮಾಡಿಕೊಡೋದೂ ಬಂತು. ಅಕ್ಕನಿಗೆ ಇದು ಅಷ್ಟು ಇಷ್ಟ ಇಲ್ಲ. "ಚುಕ್ಕೆಗಳು ಗುಂಪಾಗಿ ಒಂದರ ಮೇಲೊಂದು ಬಿದ್ದಾಗ ಸಾಸಿವೆ ಒಗ್ಗರಣೆ ಸೀದ ಹಾಗೆ ಕಾಣುತ್ತೆ, ಎಣಿಸೋಕೆ ಹೋಗ್ಬೇಡ" ಅಂತಾಳೆ.

ನನ್ನನ್ನ ಅಲ್ಲಾಡಿಸಿದ್ದು ಬೇರೆ ಒಂದು ಸಂಗತಿ. ಹರ್ಸೆಪ್ಟಿನ್ನನ್ನ ಆಪರೇಷನ್ ಆದ ಹೊಸತರಲ್ಲೇ ಕೊಟ್ಟರೆ ಹೇಗೆ ಅಂತ ಇಲ್ಲಿ ಎರಡು ದೊಡ್ಡ ಟ್ರಯಲ್ ನಡೆದವು, 2005ರಲ್ಲಿ ಫಲಿತಾಂಶ ಬಂತು, ರೋಗ ಮರುಕಳಿಸೋದು ಅರ್ಧದಷ್ಟು ಕಡಿಮೆ. ಆ ಟ್ರಯಲ್‌ಗಳಿಗೆ ಊರೂರಿನ ಲ್ಯಾಬುಗಳು "ಹರ್-ಟೂ ಪಾಸಿಟಿವ್" ಅಂತ ಬರೆದು ಕಳಿಸಿದ ಗಡ್ಡೆಗಳನ್ನ ಕೇಂದ್ರ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿದಾಗ ಒಂದು ಟ್ರಯಲ್‌ನಲ್ಲಿ ಶೇಕಡಾ 18, ಇನ್ನೊಂದರಲ್ಲಿ ಶೇಕಡಾ 26 ಹೊಂದಲಿಲ್ಲ. 2007ರಲ್ಲಿ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ, ಪೆಥಾಲಜಿಸ್ಟುಗಳ ಕಾಲೇಜು ಸಿಎಪಿ (ಇದೂ ಶಿಕಾಗೋ ಸಬರ್ಬೇ, ನಾರ್ತ್‌ಫೀಲ್ಡ್) ಕೂತು ಮೊದಲ ಗೈಡ್‌ಲೈನ್ ಬರೆದಾಗ ಒಪ್ಪಿಕೊಂಡದ್ದು ಇದು: ನಡೀತಿರೋ ಹರ್-ಟೂ ಟೆಸ್ಟುಗಳಲ್ಲಿ ಸುಮಾರು ಶೇಕಡಾ 20 ತಪ್ಪಿರಬಹುದು. ಐದಕ್ಕೊಂದು! ಅಮೆರಿಕದಲ್ಲಿ! ನಮ್ಮ ಪ್ರಾಜೆಕ್ಟಿನಲ್ಲಿ ಐದಕ್ಕೊಂದು ಟೆಸ್ಟ್ ಸುಳ್ಳು ಹೇಳಿದ್ದರೆ ಮ್ಯಾನೇಜರು ನಮ್ಮನ್ನ ಕಿಟಕಿಯಿಂದ ಎಸೀತಿದ್ದ. ಸುಳ್ಳು ನೆಗೆಟಿವ್ ಬಂದರೆ ಕೈಗೆ ಸಿಗಬೇಕಾದ ಔಷಧಿ ತಪ್ಪಿತು. ಸುಳ್ಳು ಪಾಸಿಟಿವ್ ಬಂದರೆ ವರ್ಷಗಟ್ಟಲೆ ದುಡ್ಡು ಸುರಿದು, ಕೆಲವರಿಗೆ ಹೃದಯಕ್ಕೇ ಪೆಟ್ಟು ಕೊಡೋ ಔಷಧಿಯನ್ನ ಸುಮ್ಮನೆ ತಗೊಂಡ ಹಾಗೆ.

"ಹಾಗಾದ್ರೆ ತಪ್ಪು ಆಗೋದು ಎಣಿಸೋದರಲ್ಲಾ?" ಅಂದೆ.

ಅಕ್ಕ ಕಾಫಿ ಲೋಟ ಕೆಳಗಿಟ್ಟಳು. "ಎಣಿಸೋದರಲ್ಲಿ ಸ್ವಲ್ಪ. ಬಹಳಷ್ಟು ಅದಕ್ಕಿಂತ ಮುಂಚೇನೇ ಆಗಿಹೋಗಿರುತ್ತೆ" ಅಂದವಳು ಸುಮ್ಮನಾದಳು. ಆಮೇಲೆ ಫೋನ್ ತಗೊಂಡು ಊರಿಗೆ ಹಚ್ಚಿದಳು. ಅಲ್ಲಿ ಸಂಜೆ ಏಳೂವರೆ.

*

"ಅಪ್ಪಾ, ಆಪರೇಷನ್ ದಿನ ಗಡ್ಡೆ ತೆಗೆದ ಮೇಲೆ ಏನಾಯ್ತು, ಒಂದೊಂದೇ ಹೇಳಿ."

ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಒಂದೊಂದೇ ಹೇಳಿದರು. ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ (ಹೆಸರು ಬೇಡ) ಮಧ್ಯಾಹ್ನ ಒಂದೂವರೆಗೆ ಆಪರೇಷನ್ ಮುಗೀತು. ಗಡ್ಡೆಯನ್ನ ಒಂದು ಡಬ್ಬಿಯಲ್ಲಿ ಹಾಕಿಟ್ಟರು. ಫಾರ್ಮಲಿನ್ ಖಾಲಿಯಾಗಿದೆ, ತರಿಸ್ತೀವಿ, ಅಲ್ಲಿವರೆಗೆ ಸಲೈನಿನಲ್ಲಿ ಇಟ್ಟಿದೀವಿ ಅಂತ ಅಲ್ಲಿನ ಹುಡುಗ ಹೇಳಿದನಂತೆ. ಸಂಜೆ ಆರೂವರೆ ಹೊತ್ತಿಗೆ ಫಾರ್ಮಲಿನ್ ಬಂತು. ಇಡೀ ಗಡ್ಡೆಯನ್ನ ಹಾಗೇ ಅದರಲ್ಲಿ ಮುಳುಗಿಸಿ ದೊಡ್ಡಪ್ಪನ ಕೈಗೆ ಕೊಟ್ಟರು. ಅವರು ಅದನ್ನ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತೊಡೆ ಮೇಲೆ ಇಟ್ಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದಿದ್ದಾರೆ. "ಎಲ್ಲೂ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೆ ಮಗಾ, ನಿದ್ದೇನೂ ಮಾಡ್ಲಿಲ್ಲ" ಅಂದರು.

ಅಕ್ಕ ಏನೂ ಹೇಳಲಿಲ್ಲ. "ಸರಿ ಅಪ್ಪ, ಚೆನ್ನಾಗಿ ಮಾಡಿದ್ರಿ" ಅಂದಳು. ಮ್ಯೂಟ್ ಒತ್ತಿ ಅಡುಗೆಮನೆ ಕಟ್ಟೆಗೆ ಬೆನ್ನು ಕೊಟ್ಟು ನಿಂತಳು.

ನಿಯಮ ಹೀಗಿದೆ. ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಅಂಗಾಂಶ ಫಾರ್ಮಲಿನ್‌ಗೆ ಹೋಗಬೇಕು. ಅದು ಒಳಗಿಳಿಯೋದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ವೇಗದಲ್ಲಿ, ಹಾಗಾಗಿ ದೊಡ್ಡ ಗಡ್ಡೆಯನ್ನ ಹೋಳು ಮಾಡಿಯೇ ಹಾಕಬೇಕು. ಫಾರ್ಮಲಿನ್‌ನಲ್ಲಿ ಆರು ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು. (2007ರಲ್ಲಿ 48 ಅಂದಿದ್ದರು, 2013ರಲ್ಲಿ 72ಕ್ಕೆ ಏರಿಸಿದರು.) ಇಲ್ಲಿ ಐದು ಗಂಟೆ ಉಪ್ಪುನೀರಿನಲ್ಲಿ ಕೂತ ಗಡ್ಡೆಯೊಳಗೆ ಪ್ರೊಟೀನೂ ಡಿಎನ್ಎಯೂ ಕೊಳೆಯೋಕೆ ಶುರುವಾಗಿತ್ತು. ಐಎಚ್‌ಸಿ ಅದರ ಮೇಲೂ ಒಂದು ಬಣ್ಣ ಕೊಟ್ಟುಬಿಡುತ್ತೆ, 2+ ಅಂತ. ಫಿಶ್ ಕೊಡಲ್ಲ, ಚುಕ್ಕೆಯೇ ಬರಲ್ಲ. ಹಾಗೆ ನೋಡಿದರೆ ಆ ಬೆಂಗಳೂರಿನ ಲ್ಯಾಬಿನವರು ಇಲ್ಲದ ಚುಕ್ಕೆಯನ್ನ ಎಣಿಸದೆ "ಕಾಣುತ್ತಿಲ್ಲ" ಅಂತ ಬರೆದದ್ದಕ್ಕೆ ಅಕ್ಕ ಮನಸಾರೆ ಅವರನ್ನ ಹೊಗಳಿದಳು. ನಾನು ಆವತ್ತು ರಾತ್ರಿ ಅದೇ ಎರಡು ಸಾಲಿಗೆ ಅವರನ್ನ ಬೈದಿದ್ದೆ.

ಮ್ಯೂಟ್ ತೆಗೆದು ಕೇಳಿದಳು, "ಅಪ್ಪಾ, ಆಪರೇಷನ್ನಿಗೆ ಮುಂಚೆ ಸೂಜಿ ಹಾಕಿ ತುಂಡು ತೆಗೆದಿದ್ರಲ್ಲ, ಅದು ಎಲ್ಲಿ?" ಅದು ಬೇರೆ ಕಡೆ ಆಗಿದ್ದು. ದಾರದಷ್ಟು ತೆಳು ನಾಲ್ಕು ತುಂಡು, ತೆಗೆದ ತಕ್ಷಣ ಪುಟ್ಟ ಬಾಟಲಿಗೆ ಹಾಕಿದ್ದನ್ನ ದೊಡ್ಡಪ್ಪ ಕಣ್ಣಾರೆ ನೋಡಿದ್ದರು. ಬಾಟಲಿ ಮೇಲೆ ಆಗಲೇ ಚೀಟಿ ಅಂಟಿಸಿತ್ತು. "ಆ ಬ್ಲಾಕ್ ಕೇಳಿ ಇಸ್ಕೊಳ್ಳಿ. ರಿಪೋರ್ಟ್ ಅಲ್ಲ, ಸ್ಲೈಡೂ ಅಲ್ಲ, ಮೇಣದ ಬ್ಲಾಕು. ಅದು ನಿಮ್ಮದು, ಕೊಡ್ತಾರೆ."

ಸೋಮವಾರ ನಾನು ವಾಪಸ್ ಹೊರಡೋವರೆಗೂ ಅಕ್ಕ ಮತ್ತೆ ಈ ಮಾತು ಎತ್ತಲಿಲ್ಲ. ಭಾನುವಾರ ಸಂಜೆ ಮಾತ್ರ, ಪಾತ್ರೆ ತೊಳೀತಾ, "ಏನಂತ ಬೇಡ್ಕೊಳ್ಳಬೇಕು ಅಂತಾನೇ ಗೊತ್ತಾಗ್ತಾ ಇಲ್ಲ ಮಾರಾಯ" ಅಂದಳು. ಪಾಸಿಟಿವ್ ಬಂದರೆ ಗಡ್ಡೆ ಕೆಟ್ಟದ್ದು, ಆದರೆ ಅದಕ್ಕೇ ಅಂತ ಔಷಧಿ ಇದೆ. ನೆಗೆಟಿವ್ ಬಂದರೆ ಗಡ್ಡೆ ಅಷ್ಟು ಕೆಟ್ಟದ್ದಲ್ಲ, ಆದರೆ ಆ ಔಷಧಿ ಇಲ್ಲ. 1998ಕ್ಕೆ ಮುಂಚೆ ಯಾರೂ ಪಾಸಿಟಿವ್ ಬರಲಿ ಅಂತ ದೇವರಿಗೆ ಕೈ ಮುಗಿದಿರಲಿಕ್ಕಿಲ್ಲ. ಔಷಧಿ ವಿಷಯಕ್ಕೆ ಬಂದರೆ, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಟ್ರಾಸ್ಟುಜುಮ್ಯಾಬ್‌ನ ತನ್ನ ಆವೃತ್ತಿಯನ್ನ ಇಂಡಿಯಾದಲ್ಲಿ ಮಾರೋಕೆ ಶುರು ಮಾಡಿತ್ತು. 2017ರ ಡಿಸೆಂಬರಿನಲ್ಲಿ ಮೈಲಾನ್ ಜೊತೆ ಸೇರಿ ಮಾಡಿದ್ದಕ್ಕೆ ಇಲ್ಲಿನ ಎಫ್‌ಡಿಎ ಒಪ್ಪಿಗೆಯೂ ಸಿಕ್ತು. ಬಣ್ಣ ಡೌನರ್ಸ್ ಗ್ರೋವಿನಿಂದ, ಔಷಧಿ ಬೆಂಗಳೂರಿನಿಂದ. ಮಧ್ಯೆ ಕೆಟ್ಟದ್ದು ಶಿವಮೊಗ್ಗದಲ್ಲಿ ಇಲ್ಲದೇ ಹೋದ ಒಂದು ಬಾಟಲಿ ಫಾರ್ಮಲಿನ್ನಿನಿಂದ.

*

ಆ ವೀಕೆಂಡಿನಲ್ಲಿ ಅಕ್ಕ ಹೇಳಿದ ಇನ್ನೊಂದು ಕತೆ ನನ್ನ ತಲೆಯಿಂದ ಹೋಗ್ತಾ ಇಲ್ಲ. ಕ್ಯಾಂಟನ್‌ನಿಂದ ದಕ್ಷಿಣಕ್ಕೆ ಹೋದರೆ ಮನ್ರೋ ಅಂತ ಊರು. ಅಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್ ಅನ್ನೋ ಸನ್ಯಾಸಿನಿ ಇದ್ದರು. ಸ್ತನ ಕ್ಯಾನ್ಸರಿನಿಂದ 1970ರಲ್ಲಿ ತೀರಿಕೊಂಡರು. ಅವರ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ತೆಗೆದ ಕೋಶಗಳನ್ನ ಡೆಟ್ರಾಯ್ಟಿನ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್ನಿನಲ್ಲಿ ಹರ್ಬರ್ಟ್ ಸೋಲ್ ಬೆಳೆಸಿದರು. ಆ ಸಂಸ್ಥೆಯೇ ಮುಂದೆ ಕರ್ಮನೋಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನೊಳಗೆ ಸೇರಿಹೋಯ್ತು. ಸಂಸ್ಥೆಯ ಮೊದಲಕ್ಷರ ಸೇರಿಸಿ ಆ ಕೋಶಗಳಿಗೆ ಎಂಸಿಎಫ್-7 ಅಂತ ಹೆಸರು. ಅವು ಸಾಯಲೇ ಇಲ್ಲ, ಪ್ರಪಂಚದ ಲ್ಯಾಬುಗಳಲ್ಲೆಲ್ಲ ಇವತ್ತಿಗೂ ಬೆಳೀತಾ ಇವೆ. ಆ ಕೋಶಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇದೆ, ಹರ್-ಟೂ ಆಂಪ್ಲಿಫಿಕೇಶನ್ ಇಲ್ಲ. ಹಾಗಾಗಿ ಹಲವು ಲ್ಯಾಬುಗಳಲ್ಲಿ ಹರ್-ಟೂ ಟೆಸ್ಟ್ ಸರಿಯಿದೆಯಾ ಅಂತ ನೋಡೋಕೆ ಇವನ್ನೇ 'ನೆಗೆಟಿವ್' ಮಾದರಿಯಾಗಿ ಪಕ್ಕದಲ್ಲಿ ಇಟ್ಕೊಳ್ತಾರೆ. ಈಸ್ಟ್ರೋಜನ್ ರಿಸೆಪ್ಟರ್ ಅನ್ನೋದು ಇದೆ ಅಂತ ಮೊದಲು ತೋರಿಸಿದ್ದು, 1950ರ ದಶಕದ ಕೊನೆಯಲ್ಲಿ, ಯೂನಿವರ್ಸಿಟಿ ಆಫ್ ಶಿಕಾಗೋದ ಎಲ್‌ವುಡ್ ಜೆನ್ಸನ್. "ಅಮ್ಮನ ಗಡ್ಡೆ ಅದೇ ಜಾತಿ ಆಗಿದ್ರೆ ಸಾಕು" ಅಂತ ಅಕ್ಕ ಹೇಳಿದ್ದು ನೆನಪಿದೆ. ಯಾವ ಜಾತಿ ಅಂತ ನನಗೆ ಆಗ ಹೊಳೀಲಿಲ್ಲ. ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್, ಹರ್-ಟೂ ನೆಗೆಟಿವ್. ಮಾತ್ರೆಗೆ ಬಗ್ಗೋ ಜಾತಿ.

*

ಮೂರು ವಾರ ಆಯ್ತು. ಒಂದು ಬುಧವಾರ ರಾತ್ರಿ ಹತ್ತೂವರೆಗೆ ಅಕ್ಕನ ವಿಡಿಯೋ ಕಾಲ್. ಅವಳಿಗೆ ಹನ್ನೊಂದೂವರೆ. ಅಡುಗೆಮನೆ ಟೇಬಲ್ಲು, ಲ್ಯಾಪ್‌ಟಾಪು, ಒಂದು ಹಾಳೆ, ಪೆನ್ಸಿಲ್ಲು. "ರಿಪೋರ್ಟ್ ಬಂತು. ಫೋಟೋನೂ ಕಳಿಸಿ ಅಂತ ಕೇಳಿದ್ದೆ, ಕಳಿಸಿದಾರೆ. ರಿಪೋರ್ಟ್ ಇನ್ನೂ ತೆಗೆದಿಲ್ಲ. ನಾನು ಕೆಂಪು ಎಣಿಸ್ತೀನಿ, ನೀನು ಹಸಿರು ಎಣಿಸು."

"ಫೋಟೋ ನೋಡಿ ಹೇಳ್ಬಹುದಾ?"

"ಹೇಳ್ಬಾರದು. ಎಣಿಸು ಸುಮ್ನೆ."

ಕಪ್ಪು ಪರದೆ ಮೇಲೆ ನೀಲಿ ನೀಲಿ ಉಂಡೆಗಳು. ನಮ್ಮ ದೊಡ್ಡಮ್ಮ. ಈ ಸಲ ಚುಕ್ಕೆಗಳು ಕಾಣ್ತಾ ಇದ್ದವು, ದೀಪಾವಳಿ ಸೀರಿಯಲ್ ಸೆಟ್ ಹಾಗೆ. ಆರು ಫೋಟೋದಿಂದ ಇಪ್ಪತ್ತು ಉಂಡೆ ಆರಿಸಿ ಅಕ್ಕ ನಂಬರು ಹಾಕಿದ್ದಳು. ಒಂದೊಂದೇ ಎಣಿಸಿದೆವು. ಅವಳದು ಕೆಂಪು 46. ನನ್ನದು ಹಸಿರು 41.

"ಏಳನೇದರಲ್ಲಿ ಎಷ್ಟು ಬರೆದೆ?" "ಮೂರು." "ಅದು ಎರಡು. ಆ ಎರಡು ಒಂದಕ್ಕೊಂದು ಅಂಟ್ಕೊಂಡಿದೆ ನೋಡು, ಮಧ್ಯೆ ಒಂದು ಚುಕ್ಕೆಯಷ್ಟು ಜಾಗ ಇಲ್ಲದಿದ್ರೆ ಒಂದೇ ಅಂತ ಲೆಕ್ಕ." ಹೀಗೆ ನನ್ನ ಮೂರು ಚುಕ್ಕೆ ಹೊಡೆದು ಹಾಕಿದಳು. 38. ಲೆಕ್ಕ, ಲೆಕ್ಕ ಅಂತ ನಾನು ಹೊಗಳಿದ್ದ ಟೆಸ್ಟಿನಲ್ಲೂ ನೋಡೋರ ಕಣ್ಣು ಇಷ್ಟು ಕೆಲಸ ಮಾಡುತ್ತೆ ಅಂತ ಆಗ ಗೊತ್ತಾಯ್ತು. 46 ಭಾಗಿಸು 38, 1.21. ನನ್ನ ತಪ್ಪು ಲೆಕ್ಕದಲ್ಲಾದರೆ 1.12. ಎರಡಕ್ಕೂ 2 ಬಹಳ ದೂರ. ಕೋಶಕ್ಕೆ ಕೆಂಪು ಸರಾಸರಿ 2.3, ನಾಲ್ಕಕ್ಕೂ ದೂರ.

ಆಮೇಲೆ ರಿಪೋರ್ಟ್ ತೆಗೆದಳು. ಅನುಪಾತ 1.2. ಆಂಪ್ಲಿಫಿಕೇಶನ್ ಇಲ್ಲ. ಐಎಚ್‌ಸಿಯನ್ನೂ ಅದೇ ಬ್ಲಾಕಿನ ಮೇಲೆ ಮತ್ತೆ ಮಾಡಿದ್ದರು, ಈ ಸಲ 1+.

ನಾನು "ಹಾಗಾದ್ರೆ ನೆಗೆಟಿವ್, ಮುಗೀತು" ಅಂದೆ. ಅಕ್ಕ ತಲೆ ಅಲ್ಲಾಡಿಸಿದಳು. 2022ರ ಜೂನ್ ತಿಂಗಳು ಶಿಕಾಗೋದ ಮೆಕಾರ್ಮಿಕ್ ಪ್ಲೇಸಿನಲ್ಲಿ ಆಸ್ಕೋ ಸಮ್ಮೇಳನ ನಡೆದಾಗ ಒಂದು ಟ್ರಯಲ್‌ನ ಫಲಿತಾಂಶಕ್ಕೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆದಿತ್ತಂತೆ. ಟ್ರಾಸ್ಟುಜುಮ್ಯಾಬ್‌ಗೆ ಕೀಮೋ ಔಷಧಿಯನ್ನ ಕಟ್ಟಿ ಕಳಿಸೋ ಹೊಸ ಮದ್ದು, ದೇಹದ ಬೇರೆ ಕಡೆ ಹರಡಿದ ಕ್ಯಾನ್ಸರಿನವರಲ್ಲಿ, ಅದೂ ಹರ್-ಟೂ ಸ್ವಲ್ಪವೇ ಇರೋ, 1+ ಅಥವಾ ಫಿಶ್ ನೆಗೆಟಿವ್ ಆದ 2+ನವರಲ್ಲಿ ಕೆಲಸ ಮಾಡಿತ್ತು. ಮಾಮೂಲಿ ಕೀಮೋದವರು ಸರಾಸರಿ 16.8 ತಿಂಗಳು ಬದುಕಿದರೆ ಇವರು 23.4. ಆ ಆಗಸ್ಟಿನಲ್ಲೇ ಎಫ್‌ಡಿಎ ಒಪ್ಪಿತು. ಇಷ್ಟು ವರ್ಷ 0 ಮತ್ತು 1+ ನಡುವಿನ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ, ಎರಡೂ ನೆಗೆಟಿವ್ ಖಾತೆ. ಈಗ ಆ ಮಸುಕು ಕಂದು ಗೆರೆ ಇದೆಯಾ ಇಲ್ಲವಾ ಅನ್ನೋದೇ ಮುಖ್ಯ, ಅದನ್ನ ಹೇಳೋಕೆ ಫಿಶ್‌ನಿಂದ ಆಗಲ್ಲ. ಕಣ್ಣಂದಾಜು ಅಂತ ಬೈಸ್ಕೊಂಡ ಐಎಚ್‌ಸಿಯ ಕಾಲಿಗೇ ಎಲ್ಲರೂ ಮತ್ತೆ ಬಿದ್ದಿದಾರೆ!

"ದೊಡ್ಡಮ್ಮನಿಗೆ ಆ ಮದ್ದು ಕೊಡ್ತಾರಾ?"

"ಇಲ್ಲ, ಅಮ್ಮಂಗೆ ಈಗ ಅದು ಬೇಡ. ಅದು ಹರಡಿದವರಿಗೆ. ಆದ್ರೆ ಆ 1+ ಅನ್ನೋದನ್ನ ಫೈಲಿನಲ್ಲಿ ಭದ್ರವಾಗಿ ಇಡಬೇಕು. ಮುಂದೆ ಏನಾದ್ರೂ..." ಅಂದವಳು ಪೆನ್ಸಿಲ್ಲನ್ನ ಹಾಳೆ ಮೇಲೆ ಇಟ್ಟು, ಅದು ಉರುಳದ ಹಾಗೆ ನೋಡ್ತಾ ಕೂತಳು.

ಆ ರಾತ್ರಿಯೇ ಊರಿಗೆ ಮೂರು ಕಡೆಯಿಂದ ಕಾಲ್ ಸೇರಿಸಿದೆವು. ಅಲ್ಲಿ ಬೆಳಗಿನ ಒಂಬತ್ತೂವರೆ, ಹಿಂದೆ ಎಲ್ಲೋ ಮಿಕ್ಸಿ ಸದ್ದು. ಗುರುವಾರದ ಫ್ಲೈಟಿಗೆ ಅಕ್ಕ ಟಿಕೆಟ್ ಮಾಡಿಸಿ ಆಗಿತ್ತು, ಬರ್ತಾ ಇದೀನಿ ಅಂದಳು. ಡಾಕ್ಟರು ಮಾತ್ರೆ ಶುರು ಮಾಡ್ತಾರೆ, ಅದಕ್ಕೆ ಮುಂಚೆ ಕೀಮೋ ಬೇಕಾ ಬೇಡವಾ ಅಂತ ಕೂತು ಮಾತಾಡೋಣ ಅಂದಳು. ದೊಡ್ಡಮ್ಮ ಎಲ್ಲಾ ಕೇಳಿಸ್ಕೊಂಡು, "ಅದಿರಲಿ, ಮೀನಿಂದು ಏನಾಯ್ತು?" ಅಂದರು.

"ಇಲ್ವಂತೆ ದೊಡ್ಡಮ್ಮ, ಬಲೆಗೆ ಏನೂ ಬಿದ್ದಿಲ್ಲ" ಅಂದೆ.

"ಹಂಗಾದ್ರೆ ಆಚಾರ ಉಳೀತು" ಅಂದು ನಕ್ಕು, "ನೀನು ಊಟ ಮಾಡಿದ್ಯೇನೋ? ಈ ಹೊತ್ತಲ್ಲೂ ಎದ್ದಿದೀಯಲ್ಲ" ಅಂತ ನನ್ನ ಕಡೆ ತಿರುಗಿದರು.